ಚಪ್ಪರ ಹಾಕಿದ ಎಂಟು ಜನ

ಬೆಲ್‌ಮೋರ್ನ್ ಗುಡ್ಡ, ಟ್ರಿನಿಡಾಡ್
20 ಆಗಸ್ಟ್ 2017, ಭಾನುವಾರ

ಪ್ರೀತಿಯ ಟಾಂಟಿ ಎರ್ಮಿನ್,

ಕೆಮ್ಮು ಹೇಗಿದೆ? ಟೊಬೇಗೊದ ಗಾಳಿ ಒಗ್ಗಿತೇ? ಪ್ರೆಶರ್ ಮಾತ್ರೆಯನ್ನು ಅರ್ಧ ಮುರಿದು ನುಂಗಬೇಡಿ. "ಪೂರ್ತಿ ಮಾತ್ರೆ ಪೂರ್ತಿ ಕಾಯಿಲೆ ಇರೋರಿಗೆ ಕಣೇ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಿರಿ. ಆಲ್ತಿಯಾಳ ಹತ್ತಿರ ಅದು ನಡೆಯುವುದಿಲ್ಲ, ನಿಮ್ಮ ಮಗಳು ನನ್ನಷ್ಟು ಮೆತ್ತಗಿನವಳಲ್ಲ. ವಾರಕ್ಕೆರಡು ಸಲ ಹೋಗಿ ನಿಮ್ಮ ಮನೆಯ ಕಿಟಕಿ ತೆಗೆದು ಗಾಳಿಯಾಡಿಸಿ ಬರುತ್ತಿದ್ದೇನೆ. ಹಿತ್ತಲ ದೀವಿಹಲಸು ಈ ಸಲ ಕೊಂಬೆ ಬಾಗುವಷ್ಟು ಬಿಟ್ಟಿದೆ. ಒಡೆದ ಬಾಗಿಲನ್ನು ತೆಗೆಸಿ ಹೊಸದು ಹಾಕಿಸಿದ್ದೇನೆ, ಬಣ್ಣ ಬಳಿಸುವುದು ಬಾಕಿ.

ಶುಕ್ರವಾರ ಜೈಲಿನಲ್ಲಿ ನಿಮ್ಮ ಮಗ ಕೆಸ್ಟರ್‌ನನ್ನು ನೋಡಿದೆ. ಸೊರಗಿದ್ದಾನೆ, ಆದರೆ ನಾಲಿಗೆ ಸೊರಗಿಲ್ಲ. "ಇಲ್ಲಿ ಒಂದು ಏಸಿನೂ ಓಡಲ್ಲ ಮರ್ವಾ. ಊರಲ್ಲಿರೋ ಒಳ್ಳೆ ಮೆಕ್ಯಾನಿಕ್‌ನ ಒಳಗೆ ಹಾಕ್ಕೊಂಡಿದಾರೆ, ಕೈಗೆ ಒಂದು ಸ್ಪ್ಯಾನರ್ ಕೊಡಲ್ಲ" ಎಂದು ನಗಿಸಿದ. ಆಮೇಲೆ ನಿಮ್ಮನ್ನು ಕೇಳಿದ. ಅಂಗಡಿಯ ಯೂಡೋರಾಳನ್ನೂ ಕೇಳಿದ. "ಅವಳಿಗೆ ನಾನೇನು ಮಾಡಿದ್ದೆ? ಅವಳ ಫ್ರಿಜ್ಜನ್ನ ಮೂರು ಸಲ ಬಿಟ್ಟಿ ರಿಪೇರಿ ಮಾಡಿಕೊಟ್ಟಿದೀನಲ್ಲ" ಎಂದ. ಈ ಮಾತಿಗೆ ನನ್ನ ಬಳಿ ಉತ್ತರವಿತ್ತು, ಟಾಂಟಿ. ಮೂರು ತಿಂಗಳಿಂದ ಇದೆ. ಅಲ್ಲಿಯೂ ಹೇಳದೆ ಎದ್ದು ಬಂದೆ. ಬರುವ ಗುರುವಾರ ಅವನ ಕೇಸು ನ್ಯಾಯಾಧೀಶರ ಮುಂದೆ ಬರುತ್ತದೆ. ಅಷ್ಟರೊಳಗೆ ನಿಮಗೆ ತಿಳಿಸಲೇಬೇಕೆಂದು ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಮತ್ತೆ ಹೆದರಿಬಿಡುತ್ತೇನೆ.

ಕೆಸ್ಟರ್‌ನ ಹೆಸರನ್ನು ಪೊಲೀಸರಿಗೆ ಕೊಟ್ಟವಳು ಯೂಡೋರಾ ಅಲ್ಲ. ನಾನು.

ಹೇಗೆಂದು ಮೊದಲಿಂದ ಹೇಳುತ್ತೇನೆ. ನನ್ನ ಕೆಲಸ ನಿಮಗೆ ಗೊತ್ತು: ಪೊಲೀಸಿನವಳಾದರೂ ಬಂದೂಕಿಲ್ಲದೆ ಮನೆ ಮನೆಗೆ ಹೋಗುವುದು, ನೀರಿನ ಲಾರಿ ಬಂತೇ, ಬೀದಿದೀಪ ಉರಿಯುತ್ತದೆಯೇ, ಯಾರ ಮಗ ಶಾಲೆ ಬಿಟ್ಟ ಎಂದು ಕೇಳುವುದು. ಠಾಣೆಯಲ್ಲಿ ಜೀಪಿನ ಗಸ್ತಿನವರು ನಮ್ಮನ್ನು ಕಂಡರೆ "ಬಂದ್ರು ನೋಡ್ರೋ ಬಿಸ್ಕತ್ತು ಪೊಲೀಸ್! ಇವತ್ತು ಯಾರ ಮನೇಲಿ ಟೀ?" ಎಂದು ಛೇಡಿಸುತ್ತಾರೆ. ಅವರ ದಾರಿ ಬೇರೆ. ಎಲ್ಲಿ ಗುಂಡು ಹಾರಿತೋ ಅಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುತ್ತಾರೆ, ಚುಕ್ಕೆಗಳು ಒತ್ತಾದ ಕಡೆ ಜೀಪು ನಿಲ್ಲಿಸುತ್ತಾರೆ. ಅದು ವ್ಯರ್ಥ ಕೆಲಸವೆಂದು ನಾನು ಹೇಳಲಾರೆ. ಮೇಲಿನ ತಿರುವಿನಲ್ಲಿ ಅವರು ನಿಂತ ಮೇಲೆ ತಾನೇ ನೀವು ಮತ್ತೆ ಜಗಲಿಯಲ್ಲಿ ಕೂತು ಅವರೆ ಸುಲಿಯತೊಡಗಿದ್ದು? ಮೂರನೆಯದು ಮಾಹಿತಿ ವಿಭಾಗ. ಅವರು ಬೀದಿಗೆ ಇಳಿಯುವುದೇ ಇಲ್ಲ. ಯಾರು ಯಾರ ಜೊತೆಗಿದ್ದರು ಎಂಬುದನ್ನು ಕಂಪ್ಯೂಟರಿಗೆ ತುಂಬಿ, ಹೆಸರಿನಿಂದ ಹೆಸರಿಗೆ ಗೆರೆ ಎಳೆಯುತ್ತಾರೆ.

ಇದೇ ಜನವರಿಯಲ್ಲಿ ಒಂದು ಸುತ್ತೋಲೆ ಬಂತು. ಇನ್ನು ಮೇಲೆ ಗಸ್ತಿನವರ ಚುಕ್ಕೆಗಳ ಜೊತೆಗೆ ನಮ್ಮ ಮನೆಭೇಟಿಯ ವರದಿಗಳೂ ಅದೇ ಕಂಪ್ಯೂಟರಿಗೆ ಹೋಗುತ್ತವೆ ಎಂದಿತ್ತು. ನಾನು ಓದಿ ಸಹಿ ಹಾಕಿದೆ. ಓದದೆ ಹಾಕಿದೆ ಎಂದರೆ ನನಗೆ ಸುಲಭವಾಗುತ್ತಿತ್ತು, ಆದರೆ ಎರಡು ಸಲ ಓದಿದ್ದೆ, ಸಂತೋಷವೂ ಪಟ್ಟಿದ್ದೆ. ಜೀಪಿನವರಿಗೆ ಜಾಗ ಗೊತ್ತು, ನಮಗೆ ಜನ ಗೊತ್ತು, ಎರಡೂ ಸೇರಿದರೆ ಅವರು ಜನರ ಮೇಲೆ ಕೈ ಮಾಡುವ ಮೊದಲು ಸ್ವಲ್ಪ ಯೋಚಿಸಿಯಾರು ಎಂದುಕೊಂಡೆ. ಇನ್ನೊಂದು ಆಸೆಯೂ ಇತ್ತು. ಇಪ್ಪತ್ತು ವರ್ಷ ಬಿಸ್ಕತ್ತು ಎನ್ನಿಸಿಕೊಂಡವಳಿಗೆ ತನ್ನ ಕಾಗದವನ್ನು ಯಾರಾದರೂ ಓದಲಿ ಎನ್ನಿಸುವುದಿಲ್ಲವೇ?

ಏಪ್ರಿಲ್‌ನಲ್ಲಿ ರಾಂಡೆಲ್ ಗುಂಡೇಟಿಗೆ ಸತ್ತ. ಅವನು ಗ್ಯಾಂಗಿನವನೆಂದು ಗುಡ್ಡಕ್ಕೆಲ್ಲ ಗೊತ್ತಿತ್ತು. ಆದರೂ ಅವನ ತಾಯಿ ಹೈಸಿಂತ್ ನಮ್ಮವಳು. ಸಾವಿನ ಮನೆಯೆಂದ ಮೇಲೆ ಬಿದಿರು, ಟಾರ್ಪಾಲು ಹೊತ್ತು ಗಂಡಸರು ಬರಲೇಬೇಕು. ರಾತ್ರಿ ಜಾಗರಣೆಗೆ ಕೂರುವವರಿಗೆ ಚಪ್ಪರವಿಲ್ಲದೆ ಹೇಗೆ? ಅವತ್ತು ಮಧ್ಯಾಹ್ನ ನಾನೂ ಅಲ್ಲೇ ಇದ್ದೆ, ಕ್ರ್ಯಾಕರ್ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು. ಕೆಸ್ಟರ್‌ಗೆ ಬರಲು ಮನಸ್ಸಿರಲಿಲ್ಲ. "ಅವನಿಗೋಸ್ಕರ ಹೋಗಬೇಡ ಕಣೋ, ಅವನ ತಾಯಿಗೋಸ್ಕರ ಹೋಗು" ಎಂದು ನೀವೇ ಗದರಿ ಕಳಿಸಿದಿರಿ. ಅವನು ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದರೆ ಯೂಡೋರಾ ಕೆಳಗೆ ನಿಂತು "ಹುಷಾರಪ್ಪಾ, ಮದುವೆಯಾಗದ ಗಂಡು ಬಿದ್ರೆ ಗುಡ್ಡಕ್ಕೇ ನಷ್ಟ" ಎಂದು ಕೆಣಕುತ್ತಿದ್ದಳು. ನನಗೆ ಎದೆ ತುಂಬಿ ಬಂತು. ಮಾರನೆಯ ದಿನ ವರದಿಯಲ್ಲಿ ಬರೆದೆ: ನೆರೆಹೊರೆಯ ಒಗ್ಗಟ್ಟು ಬಹಳ ಚೆನ್ನಾಗಿದೆ, ಮೃತನ ಮನೆಗೆ ಎಂಟು ಜನ ಗಂಡಸರು ತಾವಾಗಿಯೇ ಬಂದು ಚಪ್ಪರ ಹಾಕಿದರು. ಕೆಳಗೆ ಎಂಟು ಹೆಸರು. ಐದನೆಯದು ಕೆಸ್ಟರ್‌ನದು. ಹೊಗಳಿಕೆಯ ಪಟ್ಟಿ ಅದು, ಟಾಂಟಿ. ಅಂದವಾದ ಅಕ್ಷರದಲ್ಲಿ ಬರೆದಿದ್ದೆ.

ಕಂಪ್ಯೂಟರಿಗೆ ಸಾವಿನ ಮನೆ ಗೊತ್ತಿಲ್ಲ. ರಾಂಡೆಲ್‌ನ ಹೆಸರಿನಿಂದ ಎಂಟು ಗೆರೆ ಹೊರಟವು. ಎಂಟು ಜನರಲ್ಲಿ ಐವರು ಕೆಂಪು ಚುಕ್ಕೆಗಳ ನಡುವೆ ವಾಸವಿದ್ದರು. ಮೇ ತಿಂಗಳಲ್ಲಿ ಒಂದು ಬೆಳಗಿನ ಜಾವ ಜೀಪಿನವರು ಐದು ಬಾಗಿಲು ಒಡೆದರು, ನಿಮ್ಮದೂ ಸೇರಿ. ಐವರ ಮೇಲೂ ಗ್ಯಾಂಗಿನ ಸದಸ್ಯರೆಂದು ಕೇಸು. ಆ ವಾರ ಮಾಹಿತಿ ವಿಭಾಗದ ಇನ್‌ಸ್ಪೆಕ್ಟರ್ ರಾಮ್‌ಪರ್ಸಾದ್ ನನ್ನ ಮೇಜಿನ ಹತ್ತಿರ ಬಂದು, "ಕಾರ್ಪೊರಲ್, ನಿಮ್ಮ ವರದಿ ಬಂಗಾರ ಕಣ್ರೀ. ಟೀ ಕುಡಿದಿದ್ದಕ್ಕೂ ಬೆಲೆ ಬಂತು ನೋಡಿ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಯಾವ ವರದಿ ಎಂದು ಅರ್ಥವಾಗಿದ್ದು ಅವರು ಆಚೆ ಹೋದ ಮೇಲೆ.

ಅವತ್ತೇ ಸಂಜೆ ನೀವು ಯೂಡೋರಾಳ ಅಂಗಡಿ ಮುಂದೆ ರಸ್ತೆ ಮಧ್ಯದಲ್ಲಿ ನಿಂತಿರಿ. ಬಾಗಿಲು ಒಡೆಯುವ ಎರಡು ದಿನ ಮೊದಲು ಅವಳು ಠಾಣೆಯಿಂದ ಹೊರಬರುವುದನ್ನು ಕಂಡಿದ್ದಿರಿ. ಅವಳು ಬಂದದ್ದು ನನ್ನ ಬಳಿಗೆ, ಕೆಟ್ಟುಹೋದ ಬೀದಿದೀಪದ ದೂರು ಕೊಡಲು. "ನನ್ನ ಮಗನ್ನ ಎಷ್ಟಕ್ಕೆ ಮಾರಿದ್ಯೇ? ನಿನ್ನ ಫ್ರಿಜ್ಜು ತಣ್ಣಗಿರೋದು ಅವನ ಕೈಯಿಂದ, ಮರೆತ್ಯಾ?" ಎಂದು ನೀವು ಕೂಗುವಾಗ ನಾನು ಸಮವಸ್ತ್ರದಲ್ಲೇ ನಿಮ್ಮ ಪಕ್ಕದಲ್ಲಿದ್ದೆ. ಅವಳು ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಹೇಳಿದ್ದು ಇಷ್ಟೇ: "ಟಾಂಟಿ, ಮನೆಗೆ ಬನ್ನಿ, ನಿಮ್ಮ ಪ್ರೆಶರ್ ಏರುತ್ತೆ."

ಈಗ ಅವಳ ಅಂಗಡಿಗೆ ಯಾರೂ ಹೋಗುವುದಿಲ್ಲ. ಹೋದ ತಿಂಗಳು ಷಟರ್ ಮೇಲೆ ಕೆಂಪು ಬಣ್ಣದಲ್ಲಿ 'ಪೊಲೀಸರ ಕಿವಿ' ಎಂದು ಬರೆದಿದ್ದರು. ನಮ್ಮ ಗುಡ್ಡದಲ್ಲಿ ಆ ಹೆಸರು ಅಂಟಿದವರಿಗೆ ಗುಂಡು ಕಾದಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವಳು ಊರು ಬಿಟ್ಟಿಲ್ಲ. ದಿನವೂ ಬಾಗಿಲು ತೆಗೆದು ಕೂರುತ್ತಾಳೆ.

ಆ ಮೂರು ದಾರಿಗಳನ್ನು ಸೇರಿಸಿದ್ದೇ ತಪ್ಪೋ, ಅಥವಾ ಸೇರಿಸಿದ್ದೇವೆಂದು ಬಾಗಿಲು ತೆಗೆದ ಜನಕ್ಕೆ ಹೇಳದೆ ಅವರ ಮನೆಯಲ್ಲಿ ಕೂತಿದ್ದು ತಪ್ಪೋ ಎಂದು ಬಹಳ ಯೋಚಿಸಿದ್ದೇನೆ. ಮೊದಲನೆಯದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಎರಡನೆಯದು ನನ್ನದೇ. ಹೈಸಿಂತ್ ನನಗೆ ಕಾಫಿ ಕೊಟ್ಟಾಗ ನನ್ನ ಜೊತೆ ಇಡೀ ಠಾಣೆಯೇ ಆ ಚಪ್ಪರದಡಿ ಕೂತಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಅದಾದ ಮೇಲಿನ ಮೌನವಂತೂ ಯಾವ ವಿಭಾಗದ್ದೂ ಅಲ್ಲ. ನೀವು ನನ್ನ ಮೇಲೆ ಮುನಿಸಿಕೊಂಡೀರಿ ಎಂಬ ಹೆದರಿಕೆ, ಅಷ್ಟೇ. ತಾಯಿ ಸತ್ತಾಗ ಒಂಬತ್ತು ವರ್ಷದವಳಾಗಿದ್ದ ನನ್ನನ್ನು ಕೆಸ್ಟರ್‌ನ ತಟ್ಟೆಯ ಪಕ್ಕದಲ್ಲೇ ತಟ್ಟೆ ಇಟ್ಟು ಬೆಳೆಸಿದವರು ನೀವು.

ಕೆಸ್ಟರ್‌ನ ವಕೀಲರಿಗೆ ನಿನ್ನೆ ಎಲ್ಲ ಹೇಳಿದೆ. ಅವರು "ಕೆಲಸ ಹೋಗಬಹುದು, ಗೊತ್ತಲ್ಲ?" ಎಂದರು. ಆ ಎಂಟು ಹೆಸರು ಹೇಗೆ ಬಂದವೆಂದು ಗುರುವಾರ ಕಟಕಟೆಯಲ್ಲಿ ನಿಂತು ಹೇಳುತ್ತೇನೆ. ಅಷ್ಟರಿಂದಲೇ ಕೇಸು ಬೀಳುತ್ತದೆಂದು ಅವರು ಮಾತು ಕೊಡಲಿಲ್ಲ. ಆದರೆ ಆ ಪಟ್ಟಿ ಬಿಟ್ಟರೆ ಕೆಸ್ಟರ್ ವಿರುದ್ಧ ಬೇರೇನೂ ಇಲ್ಲವಂತೆ.

ಆಲ್ತಿಯಾಗೆ, ಮಕ್ಕಳಿಗೆ ನನ್ನ ನೆನಪುಗಳು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಆಶೀರ್ವಾದ ಬೇಡುವ ಧೈರ್ಯ ಈ ಸಲ ನನಗಿಲ್ಲ.

ನಿಮ್ಮ
ಮರ್ವಾ

ತಾ.ಕ.: ನಾಳೆಯ ಹಡಗಿಗೆ ಹೋಗುವವರ ಕೈಗೆ ಕೊಡಲೆಂದು ಲಕೋಟೆ ಅಂಟಿಸುವ ಮೊದಲು ಯೂಡೋರಾಳ ಬಳಿ ಹೋಗಿ ಬಂದೆ. ಎಲ್ಲವನ್ನೂ ಹೇಳಿ, ಗುಡ್ಡದವರಿಗೂ ನಾನೇ ಹೇಳುತ್ತೇನೆ ಎಂದೆ. ಅವಳು ನಕ್ಕಳು: "ನೀನು ಹೇಳಿದ್ರೆ ಏನಂತಾರೆ ಗೊತ್ತಾ? ಪೊಲೀಸ್ನೋರು ತಮ್ಮ ಕಿವೀನ ತಾವೇ ಕಾಪಾಡ್ಕೋತಿದಾರೆ ಅಂತಾರೆ. ನಿನ್ನ ಬಾಯಿಂದ ಬಂದ್ರೆ ನನಗೆ ಇನ್ನೂ ಅಪಾಯ ಕಣೇ." ಅವಳು ಹೇಳುವುದು ಸರಿ. ಇಲ್ಲಿ ನಿಮ್ಮ ಮಾತನ್ನು ಮಾತ್ರ ನಂಬುತ್ತಾರೆ. ಬುಧವಾರದ ಹಡಗಿಗೆ ಬನ್ನಿ, ಟಾಂಟಿ. ಅವಳ ಅಂಗಡಿ ಮುಂದೆ ನಿಂತು, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ, ನನ್ನ ಹೆಸರು ಹೇಳಿ.