ಅಕ್ಕನ ಪಿಟೀಲಿಗೊಂದು ಪ್ಲೇಯರ್

ಜೂನ್ 3, ಮಂಗಳವಾರ

ಎರಡನೆಯ ಡಬ್ಬವೂ ವಾಪಸ್. ಅಂಗಡಿಯವನು ಬಿಲ್ ನೋಡಿದ, ಡಬ್ಬ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಇದ್ರಲ್ಲಿ ಏನು ಪ್ರಾಬ್ಲಮ್ ಸಾರ್?" ಏನು ಅಂತ ನಾನು ಹೇಳಬೇಕಂತೆ! ಲಾಸ್‌ಲೆಸ್ ಫೈಲು ಹಾಕಿ, ಒಂದು ಚೂರು ಸದ್ದೂ ಕಳೆಯಲ್ಲ ಅಂತ ಎದೆ ತಟ್ಟಿ ಕೊಟ್ಟವನು ಅವನು. "ಮೊದ್ಲು ನಿಮ್ಮ ಕಿವಿ ತೋರಿಸ್ಕೊಳ್ರಿ" ಅನ್ನುವ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ... ಸುಳ್ಳು ಯಾಕೆ ಬರೆಯಲಿ. ಅಂದೇಬಿಟ್ಟೆ.

ಮೊದಲನೆಯದು ಜೇಬಿನಲ್ಲಿಡುವಂಥದ್ದು. ಎರಡನೆಯದು ವೈಫೈನಲ್ಲಿ ಎಳೆದುಕೊಳ್ಳುವ ಸ್ಟ್ರೀಮರ್. ಎರಡೂ ದಂಡ. ನಾಲ್ಕು ರಿವ್ಯೂ ಓದಿದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿದಿದ್ದಾನೆ. ಇವರಿಗೆಲ್ಲ ಬೇರೆ ಕೆಲಸವಿಲ್ಲ.

ಅಕ್ಕ ನಲವತ್ತು ವರ್ಷ ಪಿಟೀಲು ನುಡಿಸಿದವಳು. ಹೋದ ವರ್ಷ ಸ್ಟ್ರೋಕ್ ಆಗಿ ಎಡಗೈ ಬೆರಳುಗಳು ನಿಂತುಹೋದವು. ಇನ್ನು ನುಡಿಸುವ ಮಾತಿಲ್ಲ. ಉಳಿದಿರುವುದು ಹನ್ನೊಂದು ಕ್ಯಾಸೆಟ್ಟಿನಷ್ಟು. ಅವಳ ಮುಂದೆ ಮೈಕ್ ಹಿಡಿದು ರೆಕಾರ್ಡ್ ಮಾಡಿದವನು ನಾನು, ಕಂಪ್ಯೂಟರಿಗೆ ಹತ್ತಿಸಿದವನೂ ನಾನು. "ನಾನು ನುಡಿಸಿದ್ದನ್ನ ಒಂದ್ಸಲ ಸರಿಯಾಗಿ ಕೇಳ್ಬೇಕು ಕಣೋ" ಅಂದಳು. ಹುಟ್ಟಿದಾಗಿನಿಂದ ನನ್ನ ಹತ್ತಿರ ಏನೂ ಕೇಳದವಳು. ಅದೊಂದನ್ನು ಕೊಡಲು ಆಗುತ್ತಿಲ್ಲ ಅಂದರೆ!

ಜೂನ್ 7, ಶನಿವಾರ

ಮೂರನೆಯದು. ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ ಕೂತು ಫೈಲನ್ನು ಸದ್ದಾಗಿಸುವ ಡ್ಯಾಕ್. ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟೇ ಅಗಲ, ಬೆಲೆ ಮಾತ್ರ ಕಣ್ಣು ಕತ್ತಲೆ ಬರುವಷ್ಟು. ಅಕ್ಕನ ಮನೆಗೆ ಹೊತ್ತುಕೊಂಡು ಹೋಗಿ ವೈರು ಸಿಕ್ಕಿಸಿದೆ. ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಳು. ಎರಡು ನಿಮಿಷ. ಕಣ್ಣು ಬಿಟ್ಟಳು.

"ಕಮಾನು ತಂತಿ ಮೇಲೆ ಇಡೋವಾಗ ಸಣ್ಣಗೆ ಕೆರೆಯೋ ಸದ್ದು ಬರತ್ತೆ. ಅದೇ ಇಲ್ವಲ್ಲೋ. ಯಾರೋ ಕಂಬಳಿ ಹೊದ್ಕೊಂಡು ನುಡಿಸಿದ ಹಾಗಿದೆ."

"ವಾಲ್ಯೂಮ್ ಜಾಸ್ತಿ ಮಾಡ್ಲಾ?"

"ಜೋರಾದ್ರೆ ಕಂಬಳಿನೇ ಜೋರಾಗತ್ತೆ. ಇರ್ಲಿ ಬಿಡೋ, ಇನ್ನೊಂದು ಸಿಗತ್ತೇನೋ ನೋಡು."

ಮನೆಗೆ ಬಂದರೆ ಇವಳು ಶುರು. "ಅತ್ತಿಗೆಗೇ ಕಿವಿ ಮಂದ ಆಗಿರ್ಬಹುದು ಕಣ್ರೀ." ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಬೀದಿಯಲ್ಲಿ ನಡೆದು ಬರುವಾಗಲೇ ಒಳಗೆ ಯಾವ ಶಿಷ್ಯೆಯ ಯಾವ ತಂತಿ ಇಳಿದಿದೆ ಅಂತ ಹೇಳುತ್ತಿದ್ದವಳ ಕಿವಿಯನ್ನು ಅನ್ನುವುದಾ? ಕೂಗಾಡಿದೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಹಾಕಿಕೊಳ್ಳಲಿ.

ಜೂನ್ 8, ಭಾನುವಾರ

ಕಳ್ಳ ಸಿಕ್ಕಿದ. ಪೆನ್‌ಡ್ರೈವಿಗೆ ಫೈಲು ಹಾಕಿಕೊಟ್ಟವಳು ಅಕ್ಕನ ಮಗಳು. ಮೊದಲು ಫೋನಿಗೆ ಇಳಿಸಿ, ಅಲ್ಲಿಂದ ಪೆನ್‌ಡ್ರೈವಿಗೆ ಕಾಪಿ ಮಾಡಿದ್ದಾಳೆ. ಫೋನಿಗೆ ಹೋದ ಮೇಲೆ ಇನ್ನೇನು ಉಳಿಯುತ್ತದೆ, ಮಣ್ಣು!

"ಮಾಮ, ಎಷ್ಟು ಸಲ ಕಾಪಿ ಮಾಡಿದ್ರೂ ಫೈಲು ಹಾಗೇ ಇರತ್ತೆ."

"ನಂಗೆ ಹೇಳ್ಕೊಡೋಕೆ ಬರ್ಬೇಡ. ನೀನು ಮುಟ್ಟಿದ್ದೆಲ್ಲ ಹೀಗೇ. ನಿಮ್ಮಮ್ಮನದ್ದು ಇದ್ದಿದ್ದು ಅದೊಂದೇ, ಅದನ್ನೂ ತೊಳೆದುಬಿಟ್ಟೆ."

ಅವಳ ಕಣ್ಣು ತುಂಬಿತ್ತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ನಾನು ಹೊರಡುವವರೆಗೂ ವಾಪಸ್ ಬರಲಿಲ್ಲ. ನನ್ನ ಲ್ಯಾಪ್‌ಟಾಪಿನಿಂದ ನಾನೇ ನೇರವಾಗಿ ಹೊಸದಾಗಿ ಕಾಪಿ ಮಾಡಿಕೊಂಡಿದ್ದೇನೆ. ಇನ್ನು ಒಂದು ಒಳ್ಳೆಯ ಪ್ಲೇಯರ್ ಸಿಕ್ಕರೆ ಮುಗಿಯಿತು.

ಜೂನ್ 17, ಮಂಗಳವಾರ

ನಮ್ಮ ತೂಕ-ಅಳತೆ ಇಲಾಖೆಯ ಲ್ಯಾಬಿನಲ್ಲಿ ಜಗಳ. ತರಕಾರಿ ಅಂಗಡಿಯವನೊಬ್ಬ ತಕ್ಕಡಿ ತಂದಿದ್ದ, ಐದು ಗ್ರಾಮ್ ಸುಳ್ಳು. ಸೀಲ್ ಹಾಕಲ್ಲ ಅಂದೆ. "ಐದು ಗ್ರಾಮಿಗೆ ಯಾರು ಸಾಯ್ತಾರೆ ಸ್ವಾಮಿ?" ಅಂತಾನೆ. ನಾವು ತೂಕದ ಬಟ್ಟುಗಳನ್ನು ಕೈಯಲ್ಲಿ ಮುಟ್ಟುವುದಿಲ್ಲ, ಚಿಮಟದಲ್ಲಿ ಎತ್ತುತ್ತೇವೆ, ಬೆರಳಿನ ಜಿಡ್ಡೂ ತೂಗುತ್ತದೆ ಅಂತ. ಒಬ್ಬ ತೂಗಿದ್ದನ್ನು ಇನ್ನೊಬ್ಬ ತೂಗಿ ಸಹಿ ಹಾಕದೆ ಸೀಲ್ ಬೀಳುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದು ಲೆಕ್ಕ ತಪ್ಪಿಲ್ಲ. ಆ ಅಂಗಡಿಯವನಿಗೆ, ಈ ಅಂಗಡಿಯವನಿಗೆ, ಯಾರಿಗೂ ಕೆಲಸದ ಮೇಲೆ ನಿಗಾ ಇಲ್ಲ. ಎಲ್ಲ ನಡೆಯುತ್ತೆ ಬಿಡಿ ಅನ್ನುವ ಜನ.

ಜೂನ್ 21, ಶನಿವಾರ

ಡ್ಯಾಕ್ ಹಿಂದಿರುಗಿಸಲು ಹೋದೆ. ಅಂಗಡಿಯವನಿಗೆ ಸಾಕಾಗಿತ್ತು ಅಂತ ಕಾಣುತ್ತೆ. "ನಾಲ್ಕನೇದು ಕೊಡೋ ಮುಂಚೆ ನಿಮ್ಮ ಫೈಲ್ ಒಂದ್ಸಲ ನೋಡೋಣ ಸಾರ್" ಅಂದವನೇ ಹಿಂದಿನ ಕೋಣೆಯ ರಿಪೇರಿಯಾಕೆಯನ್ನು ಕರೆದ. ಆಕೆ ಪೆನ್‌ಡ್ರೈವ್ ಹಾಕಿ, ಸ್ಕ್ರೀನಿನ ಮೇಲೆ ಸದ್ದಿನ ಬಣ್ಣಬಣ್ಣದ ಚಿತ್ರ ತೆಗೆದಳು. ಕೆಳಗೆ ದಟ್ಟ ಬಣ್ಣ, ಅರ್ಧಕ್ಕೆ ಬಂದ ಮೇಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಪ್ಪು.

"ಇದು ಎಂಪಿತ್ರೀಯಿಂದ ಮಾಡಿದ ಫೈಲು ಸಾರ್. ಮೇಲಿನ ಸಣ್ಣ ಕೀರಲು ಸದ್ದೆಲ್ಲ ಆಗ್ಲೇ ಹೋಗಿದೆ."

"ನಿಮ್ಮ ಕಂಪ್ಯೂಟರ್ ಸರಿಯಿಲ್ಲ. ಇದು ಲಾಸ್‌ಲೆಸ್. ಸೈಜ್ ನೋಡಿ!"

"ಸೈಜ್ ದೊಡ್ಡದಾಗತ್ತೆ, ಸದ್ದು ವಾಪಸ್ ಬರಲ್ಲ. ಒಂದ್ಸಲ ಕಳೆದಿದ್ದು ಕಳೀತು."

ನಾನು ಮೇಜು ಗುದ್ದಿದೆ. ಆಕೆ, ನಾನು ಬೈದು ಹಿಂದಿರುಗಿಸಿದ್ದ ಮೊದಲ ಪ್ಲೇಯರಿಗೆ ಅಂಗಡಿಯ ಸ್ಯಾಂಪಲ್ ಪಿಟೀಲು ಹಾಕಿ ಹೆಡ್‌ಫೋನ್ ಕೊಟ್ಟಳು. ಕಮಾನು ತಂತಿಗೆ ತಾಗಿತು. ಸಣ್ಣಗೆ ಕೆರೆಯಿತು.

"ಒರಿಜಿನಲ್ ಇದ್ರೆ ತನ್ನಿ ಸಾರ್" ಅಂದಳು. ಆ ಸ್ಯಾಂಪಲನ್ನು ನನ್ನ ಪೆನ್‌ಡ್ರೈವಿಗೇ ಹಾಕಿ, ಆ ಪ್ಲೇಯರನ್ನೇ ಮತ್ತೆ ಕೈಗಿಟ್ಟರು. ಜೇಬಿಗಿಳಿಸಿ ಹೊರಗೆ ಬಂದೆ.

ಜೂನ್ 22, ಭಾನುವಾರ, ಬೆಳಿಗ್ಗೆ 11

ಹಳೆಯ ಲ್ಯಾಪ್‌ಟಾಪ್ ಹುಡುಕಿದೆ. ಫೈಲಿನ ತಾರೀಖು ಇದೆ. ನಾಲ್ಕು ವರ್ಷದ ಹಿಂದೆ, ಒಂದೇ ಮಧ್ಯಾಹ್ನ.

ಈಗ ನೆನಪಾಗುತ್ತಿದೆ. ಎರಡು ಫೋಲ್ಡರ್ ಇದ್ದವು. ಒಂದರಲ್ಲಿ ಕ್ಯಾಸೆಟ್ಟಿನಿಂದ ಇಳಿಸಿದ ಪೂರ್ತಿ ಫೈಲು. ಇನ್ನೊಂದರಲ್ಲಿ ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸಲು ಹಿಂಡಿ ಚಿಕ್ಕದು ಮಾಡಿದ ಎಂಪಿತ್ರೀ. ಲಾಸ್‌ಲೆಸ್ ಮಾಡಲು ಹೊರಟವನು ಹಿಂಡಿದ್ದನ್ನೇ ಎತ್ತಿಕೊಂಡಿದ್ದೇನೆ. ಡಿಸ್ಕ್ ತುಂಬಿತ್ತು, ಮಿಕ್ಕಿದ್ದೆಲ್ಲ ಡೂಪ್ಲಿಕೇಟ್ ಅಂತ ಅಳಿಸಿದ್ದೇನೆ. ಕ್ಯಾಸೆಟ್ಟುಗಳನ್ನು, ಧೂಳು ಯಾಕೆ ಅಂತ, ಗುಜರಿಗೆ. ಇವಳು "ಇಟ್ಕೊಳ್ರೀ, ಅತ್ತಿಗೇದು" ಅಂದಿದ್ದಳು. "ನಿಂಗೇನು ಗೊತ್ತಾಗತ್ತೆ" ಅಂದಿದ್ದೆ.

ಎರಡನೆಯ ಸಹಿ ಇರಲಿಲ್ಲ. ಒಂದು ಸಲ ಹಾಕಿ ಕೇಳಲೂ ಇಲ್ಲ. ಥೂ ನನ್ನ ಜನ್ಮಕ್ಕೆ.

ಜೂನ್ 27, ಶುಕ್ರವಾರ

ಐದು ದಿನ ಏನೂ ಬರೆಯಲಿಲ್ಲ. ಲ್ಯಾಬಿನಲ್ಲೂ ಯಾರನ್ನೂ ಬೈಯಲಿಲ್ಲ. ಹುಷಾರಿಲ್ವಾ ಅಂತ ಕೇಳಿದರು.

ಇವತ್ತು ಅಕ್ಕನ ಮಗಳ ಆಫೀಸಿನ ಕೆಳಗೆ ಕಾದು ನಿಂತೆ. ತಪ್ಪಾಯ್ತು ಅಂದೆ. ಎಲ್ಲ ಹೇಳಿದೆ. ಅವಳು ಬ್ಯಾಗಿನ ಪಟ್ಟಿ ತಿರುಚುತ್ತಾ ಕೇಳಿದಳು.

"ನನ್ನ ವಿಷ್ಯ ಬಿಡು ಮಾಮ. ಅಮ್ಮಂಗೆ ಹೇಳ್ಬೇಡ. ಮಿಷನ್ನೇ ಸರಿಯಿಲ್ಲ ಅಂದ್ಕೊಂಡಿದಾಳೆ. ಇನ್ನೊಂದು ತಂದ್ರೆ ಸರಿಹೋಗತ್ತೆ ಅಂತ ದಿನಾ ಕೇಳ್ತಾಳೆ, ಮಾಮ ಯಾವಾಗ ಬರ್ತಾನೆ ಅಂತ."

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನಾಲ್ಕನೆಯದು, ಐದನೆಯದು, ಆರನೆಯದು ತರುತ್ತಾ ಹೋಗಬಹುದು. ಅಂಗಡಿಯವರನ್ನು ಬೈಯುತ್ತಾ ಇರಬಹುದು. ಅವಳು ಕಾಯುತ್ತಾ ಇರುತ್ತಾಳೆ. ಐದು ಗ್ರಾಮಿಗೆ ಯಾರು ಸಾಯ್ತಾರೆ ಅಂತ ನಾನೂ ಅಂದ ಹಾಗಾಯಿತು. ಮೈ ಉರಿಯಿತು.

ಜೂನ್ 29, ಭಾನುವಾರ, ಸಂಜೆ

ಹೇಳಿಬಿಟ್ಟೆ. ಪ್ಲೇಯರ್ ಸಿಕ್ಕಿಸಿ, ಅವಳ ಮುಂದೆ ನೆಲದ ಮೇಲೆ ಕೂತು. "ಅಕ್ಕ, ಡಬ್ಬ ಯಾವ್ದೂ ಕೆಟ್ಟಿರ್ಲಿಲ್ಲ. ನಾನೇ ಹಾಳು ಮಾಡಿದೀನಿ." ಫೋಲ್ಡರ್, ಗುಜರಿ, ಎಲ್ಲ.

"ಹನ್ನೊಂದೂನಾ?"

"ಹನ್ನೊಂದೂ."

"ಒಂದ್ರಲ್ಲಿ ನಡುವೆ ಅಪ್ಪ ಕೆಮ್ಮಿದ್ದು ಇತ್ತಲ್ಲ."

"ಅದು ಚೆನ್ನಾಗೇ ಕೇಳ್ಸತ್ತೆ."

ಒಂದು ಕ್ಷಣ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು. ಬೈಯಲಿ ಅಂತ ಕಾದೆ. ಬೈಯಲೇ ಇಲ್ಲ. ತಡೆಯಲಾಗದೆ ನಾನೇ ಕಿರುಚಿದೆ, "ಬೈಯೇ! ಏನಾದ್ರೂ ಅನ್ನೇ!"

"ಕೂಗ್ಬೇಡ" ಅಂದಳು. "ಹಾಗಾದ್ರೆ ಈ ಮಿಷನ್ನು ಚೆನ್ನಾಗಿದೆ."

"ಚೆನ್ನಾಗಿದೆ."

"ಬೇರೆ ಯಾರದ್ದಾದ್ರೂ ಹಾಕು."

ಅಂಗಡಿಯ ಸ್ಯಾಂಪಲ್ ಹಾಕಿದೆ. ಯಾರೋ ಏನೋ, ಹೆಸರೂ ಇಲ್ಲ. ಸದ್ದು ಹೊರಟ ತಕ್ಷಣ ಅಕ್ಕನ ಬಲಗೈ ಕುರ್ಚಿಯ ಹಿಡಿಯ ಮೇಲೆ ಮೆಲ್ಲಗೆ ಆಚೆ ಈಚೆ ಹೋಗತೊಡಗಿತು. ಕೊನೆಯವರೆಗೂ ಕೇಳಿದಳು. ಮತ್ತೊಂದು ಸಲ ಹಾಕಿಸಿದಳು. ಮುಗಿದ ಮೇಲೆ ನನ್ನ ಕಡೆ ನೋಡಿದಳು.

"ನಾನೂ ಹೀಗೇ ನುಡಿಸ್ತಿದ್ನೇನೋ?"

ಮೈಕ್ ಹಿಡಿದು ಎದುರಿಗೆ ಕೂತು ಕೇಳಿದವನು ನಾನು. ಇದಕ್ಕಿಂತ ಚೆನ್ನಾಗಿ ಅಕ್ಕ, ಎಷ್ಟೋ ಚೆನ್ನಾಗಿ, ಅಂತ ಹೇಳಲು ಬಾಯಿ ತೆರೆದೆ. ಅವಳು ಆ ದಿನಗಳಲ್ಲಿ ಹೇಗೆ ನುಡಿಸುತ್ತಿದ್ದಳು ಅಂತ ನೆನಪು ಮಾಡಿಕೊಂಡರೆ ನನ್ನ ಕಿವಿಯಲ್ಲೂ ಬರುವುದು ಆ ಹಿಂಡಿದ, ಕಂಬಳಿ ಹೊದ್ದ ಸದ್ದೇ.