ನಾಲ್ಕನೇ ಮಹಡಿಯ ಹದಿನಾರು ಬೆಡ್‌ಶೀಟು

ಫೆಬ್ರವರಿ 27, ಗುರುವಾರ

ಒಂಬತ್ತನೆಯ ಹೆಸರು ಹೊಲಿದಾಯಿತು. ಇನ್ನೆರಡು ಉಳಿದಿವೆ. ಬೆರಳಿಗೆ ಮೂರು ಸಲ ಸೂಜಿ ಚುಚ್ಚಿತು. ಕೆಂಪು ದಾರ ಆರಿಸಿದ್ದೇ ಒಳ್ಳೆಯದಾಯಿತು, ರಕ್ತ ಕಾಣುವುದಿಲ್ಲ.

ನಾಳೆ ರಾಜ್ಯದ ಲ್ಯಾಟಿನ್ ಕ್ಲಬ್ಬುಗಳ ಸಮ್ಮೇಳನಕ್ಕೆ ಹೊರಡುವುದು. ಕೊಲಂಬಸ್ ನಗರಕ್ಕೆ. ಎರಡು ರಾತ್ರಿ. ಹನ್ನೊಂದು ಮಕ್ಕಳು. ಹೋದ ವರ್ಷದ್ದೇ ಹೋಟೆಲು — ಅದೇ ನನ್ನ ತಲೆನೋವು. ಶನಿವಾರದ ಔತಣಕ್ಕೆ ಎಲ್ಲರೂ ಹಳೆ ರೋಮಿನವರ ಹಾಗೆ ಬಟ್ಟೆ ಸುತ್ತಿಕೊಂಡು ಬರಬೇಕು. ಅಂದರೆ ಬೆಡ್‌ಶೀಟು. ಹೋದ ವರ್ಷ ನನ್ನ ಮೊಣಕಾಲಿನ ಆಪರೇಷನ್, ನಾನು ಹೋಗಲಿಲ್ಲ. ಇವರು ಹೋಟೆಲಿನ ಶೀಟುಗಳನ್ನೇ ಎಳೆದು, ಬಾತ್‌ಟಬ್ಬಿಗೆ ದ್ರಾಕ್ಷಿ ಜ್ಯೂಸು ಸುರಿದು ಬಣ್ಣ ಹಾಕಿದರು. ಚಕ್ರವರ್ತಿಗೆ ನೇರಳೆಯೇ ಆಗಬೇಕಂತೆ! ಮುಂದಾಳು ಕೊರಿನ್ ಸ್ಟಟ್ಜ್‌ಮನ್. ಟಬ್ಬು ಇವತ್ತಿಗೂ ಪೂರ್ತಿ ಬಿಳಿಯಾಗಿಲ್ಲವಂತೆ.

ಈ ಸಲ ಶೀಟು ಮನೆಯಿಂದಲೇ. ಮೂಲೆಯಲ್ಲಿ ಹೆಸರು, ನಾನೇ ಹೊಲಿದದ್ದು. ಯಾರೂ ಬೆರಳು ತೋರಿಸಬಾರದು.

ಮಧ್ಯಾಹ್ನ ಪ್ರಿನ್ಸಿಪಾಲ್ ಲೂಮಿಸ್ ಕರೆದರು. "ಇಡಾ ಮೇಡಂ, ಆ ಹೋಟೆಲಿಂದ ಇನ್ನೊಂದೇ ಒಂದು ಕಂಪ್ಲೇಂಟ್ ಬರ್ಲಿ, ಕ್ಲಬ್ ಮುಚ್ತೀನಿ. ಕ್ಲಬ್ ಇಲ್ದೆ ಲ್ಯಾಟಿನ್‌ಗೆ ಯಾರ್ ಸೇರ್ತಾರೆ ಹೇಳಿ? ಮುಂದಿನ ವರ್ಷ ನಿಮ್ ರೂಮು ಕಂಪ್ಯೂಟರ್‌ಗೆ." ಹೇಳುವಾಗ ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದರು. ನನ್ನ ಇಪ್ಪತ್ತಾರು ವರ್ಷದ ಲ್ಯಾಟಿನ್ ಪಾಠ, ಪಿನ್ನು ತುಂಬುವಷ್ಟು ಹೊತ್ತಿನಲ್ಲಿ ಮುಗಿಯಿತು. "ಬರಲ್ಲ ಸರ್" ಎಂದಷ್ಟೇ ಹೇಳಿ ಎದ್ದು ಬಂದೆ.

ನಿಯಮಗಳ ಪಟ್ಟಿ ಹದಿನಾಲ್ಕಕ್ಕೆ ಮುಟ್ಟಿದೆ. ನಾಲ್ಕನೆಯದು: ಎಲ್ಲಿಯೂ ಕಿರುಚಕೂಡದು. ಒಂಬತ್ತನೆಯದು: ನಮ್ಮಿಂದ ಹೋಟೆಲಿನವರಿಗೆ ಚೂರೂ ಕೆಲಸ ಬೀಳಕೂಡದು, ನಾವು ಬಂದಿದ್ದ ಗುರುತೇ ಇರಕೂಡದು. ಒಂಬತ್ತಕ್ಕೆ ಎರಡು ಗೆರೆ ಎಳೆದಿದ್ದೇನೆ.

ಕೊರಿನ್‌ಳನ್ನು ಬಿಟ್ಟು ಹೋಗೋಣವೆಂದೇ ಇದ್ದೆ. ಅವಳಮ್ಮ ಬಂದಿದ್ದಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಅವಳಿಗೆ. "ರಜೆ ಪೂರ್ತಿ ನನ್ ಜೊತೆನೇ ಶೀಟ್ ಒಗೆಸಿದೀನಿ ಮೇಡಂ. ಈಗ ಬುದ್ಧಿ ಬಂದಿದೆ, ಕರ್ಕೊಂಡ್ ಹೋಗಿ." ಬಂದಿದೆಯೋ ಇಲ್ಲವೋ... ಹತ್ತನೆಯದು ಅವಳದೇ ಶೀಟು. ಬಿಳಿ. ಹೊಲಿಯುತ್ತೇನೆ.

ಫೆಬ್ರವರಿ 28, ಶುಕ್ರವಾರ, ಬೆಳಿಗ್ಗೆ 9.30, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಓಡಿಸುತ್ತಿರುವುದು ವರ್ಲಿನ್ — ಮರಗೆಲಸದ ಮೇಷ್ಟ್ರು, ಲ್ಯಾಟಿನ್ ಒಂದಕ್ಷರ ಬಾರದು, ಜೊತೆಗೆ ಬರಲು ಒಪ್ಪಿದವನು ಅವನೊಬ್ಬನೇ. ನಿಯಮಗಳನ್ನು ಗಟ್ಟಿಯಾಗಿ ಓದಿದೆ. ಹದಿನಾಲ್ಕೂ. ವರ್ಲಿನ್ ಕನ್ನಡಿಯಲ್ಲಿ ನೋಡಿ, "ಇಡಾ, ಉಸಿರಾಡೋಕೆ ಪರ್ಮಿಷನ್ ಇದ್ಯಾ?" ಎಂದ. ಮಕ್ಕಳು ನಕ್ಕರು. ನಾನು ನಗಲಿಲ್ಲ.

ಎಮರಿ ತನ್ನ ಶೀಟು ತೋರಿಸಿದ. ಹಸಿರು ಡೈನೊಸಾರುಗಳು! "ಮನೇಲಿ ಇದೊಂದೇ ಒಗೆದಿದ್ದು ಮೇಡಂ." ಹೆಸರು ಹೊಲಿಯುವಾಗ ಇವು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ? ಚಿತ್ರ ಮಡಿಕೆಯ ಒಳಗಡೆ ಇತ್ತು ಅಂತ ಕಾಣುತ್ತದೆ. ಇರಲಿ, ಕಳ್ಳಮಾಲು ಎಂದಂತೂ ಯಾರೂ ಹೇಳಲಾರರು.

ಅದೇ ದಿನ, ರಾತ್ರಿ 10.45

ಹೋಟೆಲಿನ ಬಾಗಿಲಲ್ಲೇ ನಿಂತಿದ್ದಳು. ರೆನಾಟಾ ಪುಲಾಸ್ಕಿ, ರೂಮು ಬೆಡ್ಡುಗಳ ಉಸ್ತುವಾರಿಯೆಲ್ಲ ಅವಳದೇ. ಎದೆಯ ಮೇಲೆ ಕೈ ಕಟ್ಟಿಕೊಂಡು ಬಸ್ಸಿನ ಮೇಲಿದ್ದ ಶಾಲೆಯ ಹೆಸರು ಓದಿದಳು. "ಓಹೋ. ದ್ರಾಕ್ಷಿ ಜ್ಯೂಸ್‌ನೋರು ಬಂದ್ರಾ." ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೊರಿನ್ ಮುಂದೆ ಹೋಗಿ, "ಹೌದು ಆಂಟಿ, ನಾನೇ" ಎಂದಳು. ಈ ಹುಡುಗಿಗೆ ಬಾಯಿ ಮುಚ್ಚಿಕೊಂಡಿರಲು ಹದಿನೈದನೆಯ ನಿಯಮ ಬೇಕಿತ್ತು.

"ದಿನಾ ಬೆಳಿಗ್ಗೆ ಎಣಿಸ್ತೀನಿ ಕಣ್ರೀ," ಎಂದಳು ರೆನಾಟಾ ನನಗೆ. "ನಾಲ್ಕನೇ ಮಹಡಿ, ನಿಮ್ ಮಕ್ಕಳದ್ದು ನಾಲ್ಕು ರೂಮು, ಎಂಟು ಬೆಡ್ಡು, ಹದಿನಾರು ಶೀಟು. ಒಂದು ಕಮ್ಮಿ ಆದ್ರೂ ನೇರ ನಿಮ್ ಪ್ರಿನ್ಸಿಪಾಲರಿಗೇ ಬರೀತೀನಿ."

ಸಂಜೆ ಕೂಗಿನ ಸ್ಪರ್ಧೆ. ಒಂದೊಂದು ಶಾಲೆಯೂ ತನ್ನ ಘೋಷಣೆಯನ್ನು ಗಂಟಲು ಹರಿಯುವ ಹಾಗೆ ಕೂಗಬೇಕು. ಛಾವಣಿ ಹಾರಿಹೋಗುತ್ತದೇನೋ ಅನ್ನಿಸಿತು. ನಮ್ಮ ಸರದಿ ಬಂತು. ಹನ್ನೊಂದು ಜನ ಸಾಲಾಗಿ ನಿಂತು ನನ್ನ ಮುಖ ನೋಡಿದರು. ನಾಲ್ಕನೇ ನಿಯಮ! ಕೂಗಿ ಎಂದು ನಾನು ತಲೆಯಾಡಿಸಬಹುದಿತ್ತು. ಆದರೆ ಬಾಗಿಲ ಹತ್ತಿರ ರೆನಾಟಾ ನಿಂತಿದ್ದಳು. ಸುಮ್ಮನಿದ್ದೆ. ಅವರು ಘೋಷಣೆಯನ್ನು ಪಿಸುಮಾತಿನಲ್ಲಿ ಹೇಳಿ ಇಳಿದರು. ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಕೊನೆಯ ಸ್ಥಾನ. ಪಾಪ, ಒಬ್ಬರೂ ಗೊಣಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಹತ್ತೂವರೆಗೆ ಮಕ್ಕಳ ಬಾಗಿಲುಗಳಿಗೆ ಹೊರಗಿನಿಂದ ಟೇಪು. ಯಾರಾದರೂ ತೆಗೆದರೆ ಬೆಳಿಗ್ಗೆ ಗೊತ್ತಾಗುತ್ತದೆ. ವರ್ಲಿನ್ ಮಟ್ಟಗೋಲು ಹಿಡಿದು ನೇರವಾಗಿ ಅಂಟಿಸಿದ!

ಮಾರ್ಚ್ 1, ಶನಿವಾರ, ಬೆಳಿಗ್ಗೆ 7.10

ನಾಲ್ಕೂ ಟೇಪು ಹಾಗೇ ಇವೆ! ಪಕ್ಕದ ರೂಮುಗಳಲ್ಲಿರುವ ಶಾಲೆಯವರ ಮೂರು ಬಾಗಿಲಿನಲ್ಲಿ ಕಿತ್ತುಹೋಗಿವೆ. ಅವರ ಮೇಡಂ ಕಣ್ಣು ಕೆಂಪಗೆ ಮಾಡಿಕೊಂಡು ಕಾಫಿ ಕುಡಿಯುತ್ತಿದ್ದಾರೆ. ನಾನು ಎರಡು ಬನ್ನು ತಿಂದೆ. ಮಕ್ಕಳಿಗೆ ಒಂಬತ್ತರವರೆಗೆ ಬಿಡುವು, ಆಮೇಲೆ ವ್ಯಾಕರಣದ ಪರೀಕ್ಷೆ, ಪುರಾಣದ ಪರೀಕ್ಷೆ. ರೂಮಿನಲ್ಲೇ ಇರುತ್ತೇವೆ ಎಂದರು. ಬಂಗಾರದಂಥ ಮಕ್ಕಳು!

ಶನಿವಾರ, 11.40

ಹೋಯಿತು. ಎಲ್ಲ ಹೋಯಿತು.

ರೆನಾಟಾ ಪರೀಕ್ಷೆಯ ಹಾಲಿಗೇ ಬಂದು ನನ್ನ ತೋಳು ಹಿಡಿದಳು. "ಬನ್ರೀ ಮೇಲೆ, ನೀವೇ ನೋಡಿ." ನಾಲ್ಕೂ ರೂಮು ನೋಡಿದೆ. ಎಂಟು ಹಾಸಿಗೆಯೂ ಬೋಳು. ಒಂದು ಶೀಟೂ ಇಲ್ಲ. "ಹದಿನಾರಕ್ಕೆ ಹದಿನಾರೂ! ಹೋದ ವರ್ಷ ನಾಲ್ಕೇ ತಗೊಂಡಿದ್ರು ಕಣ್ರೀ!"

ಪರೀಕ್ಷೆ ಮುಗಿಸಿ ಬಂದ ಮಕ್ಕಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಎಲ್ಲರೂ ಕಾರ್ಪೆಟ್ ನೋಡುತ್ತಾರೆ. ಎಣಿಸಿದೆ, ಹತ್ತೇ ಜನ. ಕೊರಿನ್ ಇಲ್ಲ. ಅಲ್ಲಿಗೆ ನನ್ನ ತಲೆ ಕೆಟ್ಟಿತು. ನೇರ ಅವಳ ರೂಮಿಗೆ ಹೋಗಿ, ರೆನಾಟಾ ನೋಡುತ್ತಿದ್ದ ಹಾಗೇ, ಅವಳ ಸೂಟ್‌ಕೇಸು ತೆರೆದೆ. "ಇಡಾ, ಅವಳು ಬರ್ಲಿ, ತಡಿ," ಎಂದ ವರ್ಲಿನ್. ತಡೆಯಲಿಲ್ಲ. ಮೇಲೆಯೇ ಬಿಳಿ ಶೀಟು. ಬಿಡಿಸಿದೆ. ಮೂಲೆಯಲ್ಲಿ ಕೆಂಪು ದಾರ. ಅವಳ ಹೆಸರು. ನನ್ನದೇ ಹೊಲಿಗೆ.

ಹುಡುಗಿಯ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದೇನೆ, ಕೈಯಲ್ಲಿ ಅವಳದೇ ಶೀಟು. ಥೂ, ನನ್ನ ಜನ್ಮಕ್ಕಿಷ್ಟು.

ಆಗ ಬಾಗಿಲಲ್ಲಿ ಎಮರಿಯ ಸಣ್ಣ ದನಿ: "ಮೇಡಂ... ಯಾರಿಗೂ ಹೇಳಬಾರ್ದು ಅಂತ ಆಣೆ ಇಟ್ಕೊಂಡಿದ್ವಿ. ಅವಳು ಎರಡನೇ ಮಹಡೀಲಿದಾಳೆ." ಇಷ್ಟು ಬರೆದದ್ದು ಲಿಫ್ಟು ಕಾಯುತ್ತಾ. ಬಂತು—

ಶನಿವಾರ, ಮಧ್ಯಾಹ್ನ 2

ಇದನ್ನು ಬರೆಯಲೇಬೇಕು.

ಎರಡನೇ ಮಹಡಿಯಲ್ಲಿ ಅತಿಥಿಗಳು ಬಟ್ಟೆ ಒಗೆದುಕೊಳ್ಳುವ ಪುಟ್ಟ ಕೋಣೆ. ಮೂರು ಮಷೀನು. ಬಿಸಿಯೋ ಬಿಸಿ. ಮಧ್ಯದಲ್ಲಿ ಕೊರಿನ್, ತೋಳು ಮಡಚಿ, ಹಣೆಯಲ್ಲಿ ಬೆವರು. ಮೇಜಿನ ಮೇಲೆ ಹದಿನೈದು ಶೀಟು, ಒಗೆದು, ಒಣಗಿಸಿ, ಮಡಚಿ ಇಟ್ಟಿದ್ದವು. ಹದಿನಾರನೆಯದು ಅವಳ ಕೈಯಲ್ಲಿ.

"ಏನೇ ಇದು?" ಎಂದೆ.

"ಒಂಬತ್ತನೇ ರೂಲು, ಮೇಡಂ." ನನಗೇನಾಗಿದೆ ಎಂಬಂತೆ ನೋಡಿದಳು. "ನಮ್ಮಿಂದ ಅವರಿಗೆ ಚೂರೂ ಕೆಲಸ ಬೀಳಬಾರ್ದು ಅಂದ್ರಲ್ಲ? ದಿನಾ ಬೆಳಿಗ್ಗೆ ಶೀಟ್ ಒಗೆಯೋದು ಅವರೇ ತಾನೆ? ಹನ್ನೊಂದರೊಳಗೆ ವಾಪಸ್ ಹಾಸ್ಬಿಡೋಣ ಅಂತಿದ್ವಿ. ಡ್ರೈಯರ್ ಒಂದು ಕೈಕೊಡ್ತು."

ಸೋಡಾ ಕುಡಿಯಲೆಂದು ಮನೆಯಿಂದ ತಂದಿದ್ದ ಚಿಲ್ಲರೆಯನ್ನೆಲ್ಲ ಹನ್ನೊಂದೂ ಜನ ಮಷೀನಿಗೆ ಹಾಕಿದ್ದಾರೆ! ಪುರಾಣದ ಪರೀಕ್ಷೆಗೆ ಇವಳು ಹೋಗೇ ಇಲ್ಲ. ಅದರಲ್ಲಿ ಖಂಡಿತ ಬಹುಮಾನ ಬರುತ್ತಿತ್ತು.

ನನ್ನ ಹಿಂದೆಯೇ ಎಲ್ಲರೂ ಇಳಿದು ಬಂದಿದ್ದರು. ರೆನಾಟಾ ಮೇಲಿನ ಶೀಟು ಎತ್ತಿಕೊಂಡಳು. ಅದು ಹಾಸಿಗೆಗೆ ತೊಡಿಸುವಂಥದ್ದು, ನಾಲ್ಕು ಮೂಲೆಗೂ ಎಲಾಸ್ಟಿಕ್. ನಾನಂತೂ ಇಂಥದ್ದನ್ನು ಮುದ್ದೆ ಮಾಡಿ ಬೀರುವಿಗೆ ತುರುಕಿ ಬಾಗಿಲು ಒತ್ತಿ ಮುಚ್ಚುವವಳು. ಇದು ಚೌಕ, ಮೂಲೆಗೆ ಮೂಲೆ ಕೂತಿತ್ತು. ರೆನಾಟಾ ಬಿಡಿಸಿದಳು, ನೋಡಿದಳು, ಮತ್ತೆ ಮಡಚಲು ಹೋದಳು. ಅವಳಿಗೇ ಹಾಗೆ ಕೂರಲಿಲ್ಲ.

"ಯಾರೇ ಹೇಳ್ಕೊಟ್ಟಿದ್ದು?"

"ಅಮ್ಮ. ಕೈ ಒಳಗಡೆಯಿಂದ ಹಾಕ್ಬೇಕು ಆಂಟಿ. ಹೀಗೆ."

ಮೂವತ್ತೊಂದು ವರ್ಷದ ಅನುಭವಸ್ಥೆ ಕಾಲೇಜು ಮೆಟ್ಟಿಲೂ ಹತ್ತದ ಹುಡುಗಿಯ ಪಕ್ಕ ನಿಂತು ಶೀಟು ಮಡಚುವುದನ್ನು ಕಲಿತಳು! ಮೂರನೆಯ ಸಲಕ್ಕೆ ಸರಿಯಾಯಿತು. ವರ್ಲಿನ್ ಚಪ್ಪಾಳೆ ಹೊಡೆದ.

ನಾನು ಕೊರಿನ್‌ಳ ಮುಂದೆ ನಿಂತೆ. ಎಲ್ಲರೂ ಇದ್ದರು, ಎಲ್ಲರೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ: "ನಿನ್ನ ಪೆಟ್ಟಿಗೆ ತೆಗೆದು ನೋಡ್ದೆ ಕಣೇ. ನಿನ್ನೇ ಅನುಮಾನ ಪಟ್ಟೆ. ತಪ್ಪಾಯ್ತು." ಅವಳ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಭುಜ ಕುಣಿಸಿದಳು.

"ಹೋಗ್ಲಿ ಬಿಡಿ ಮೇಡಂ. ನಾನಾಗಿದ್ರೂ ಮೊದ್ಲು ನನ್ ಪೆಟ್ಟಿಗೇನೇ ನೋಡ್ತಿದ್ದೆ."

ಅಳು ಬಂತು. ಡ್ರೈಯರಿನ ಬಿಸಿಗೆ ಕಣ್ಣುರಿ ಎಂದೆ. ಯಾರೂ ನಂಬಲಿಲ್ಲ.

ಶನಿವಾರ, ರಾತ್ರಿ 8

ಔತಣ. ಇನ್ನೂರು ಬಿಳಿ ಶೀಟುಗಳ ನಡುವೆ ಒಂದು ಹಸಿರು ಡೈನೊಸಾರು. ಎಮರಿ ಎದೆಯುಬ್ಬಿಸಿ ನಡೆದ. ಒಳ್ಳೆಯ ವೇಷಕ್ಕೆಂದು ಇಟ್ಟಿದ್ದ ಬಹುಮಾನ ಅವನಿಗೇ! ರೆನಾಟಾ ಬಂದು ನಮ್ಮ ಮೇಜಿಗೆ ಒಂದು ಜಗ್ಗು ಇಟ್ಟುಹೋದಳು. ದ್ರಾಕ್ಷಿ ಜ್ಯೂಸು. ಕೊರಿನ್ ಕುಡಿಯುವಾಗ ಮೇಜಿನ ಮೇಲೆ ಒಂದು ತೊಟ್ಟೂ ಬೀಳಲಿಲ್ಲ.

ಮಾರ್ಚ್ 2, ಭಾನುವಾರ

ಮನೆಗೆ ಬಂದೆ. ಹೊರಡುವಾಗ ರೆನಾಟಾ ಅಂಟಿಸಿದ ಲಕೋಟೆಯೊಂದನ್ನು ಕೈಗಿಟ್ಟಳು. "ನಿಮ್ ಪ್ರಿನ್ಸಿಪಾಲರಿಗೆ. ನೀವು ಒಡೀಬಾರ್ದು." ಮುಖದಲ್ಲಿ ನಗುವಿಲ್ಲ. ಏನು ಬರೆದಿರಬಹುದು? ಶೀಟೇನೋ ಸಿಕ್ಕಿತು, ಆದರೆ ಕೇಳದೆ ತೆಗೆದುಕೊಂಡು ಹೋದದ್ದು ತಪ್ಪೇ. ಅವಳ ಒಂದು ಬೆಳಗಿನ ಕೆಲಸ ಕೆಟ್ಟಿತಲ್ಲ. ಅಡುಗೆಮನೆಯ ಮೇಜಿನ ಮೇಲಿದೆ. ದೀಪಕ್ಕೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.

ಮಾರ್ಚ್ 6, ಗುರುವಾರ

ಲಕೋಟೆ ಕೊಟ್ಟು ನಾಲ್ಕನೆಯ ದಿನ. ಲೂಮಿಸ್ ಉಸಿರೆತ್ತಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಗಡಿಯಾರ ನೋಡಿಕೊಳ್ಳುತ್ತಾರೆ. ಇವತ್ತು ನಾಲ್ಕನೇ ಪಿರಿಯಡ್ಡಿಗೆ ಯಾರೋ ಬಂದು ನನ್ನ ಕೋಣೆಯ ಗೋಡೆ ಅಳೆದು ಹೋದ. "ಕಂಪ್ಯೂಟರ್ ಟೇಬಲ್‌ಗೆ ಮೇಡಂ." ಹುಡುಗರ ಮುಂದೆಯೇ! ಅಪೂರ್ಣ ಭೂತಕಾಲದ ಪಾಠ ಮುಂದುವರಿಸಿದೆ. ದನಿ ನಡುಗಲಿಲ್ಲ ಅಂದುಕೊಂಡಿದ್ದೇನೆ.

ವರ್ಲಿನ್ ಸಂಜೆ ಬಂದು ಬೆಂಚಿನ ಮೇಲೆ ಕೂತ. "ನಿನ್ ಕ್ಲಾಸಿನ ಕರಿಹಲಗೆ ಬಿಚ್ಚಿ ಕೊಡ್ತೀನಿ, ಮನೇಗ್ ತಗೊಂಡ್ ಹೋಗು," ಎಂದ. ಅವನ ಸಮಾಧಾನದ ರೀತಿ ಅದು. ಬೈದು ಕಳಿಸಿದೆ.

ಮಾರ್ಚ್ 10, ಸೋಮವಾರ, ಮೂರನೇ ಪಿರಿಯಡ್ಡು

ಕ್ಲಬ್ಬಿನ ಹನ್ನೊಂದೂ ಜನ ಎದುರಿಗಿದ್ದಾರೆ, ಟೆಸ್ಟು ಬರೆಯುತ್ತಿದ್ದಾರೆ. ನಾನು ಇದನ್ನು. ಹತ್ತು ನಿಮಿಷ ಉಳಿದಿದೆ.

ಸ್ಪೀಕರು ಗೊರಗೊರ ಎಂದಿತು. ಲೂಮಿಸ್. "ಎಲ್ಲ ಕ್ಲಾಸಿನೋರೂ ಗಮನ ಕೊಡಿ. ಹೋಟೆಲೊಂದರಿಂದ ಪತ್ರ ಬಂದಿದೆ. ಸ್ಕೂಲ್ ಆಡಳಿತ ಮಂಡಳಿಯವರಿಗೆ ಓದಿ ಹೇಳ್ದೆ. ನಿಮಗೂ ಓದ್ಬೇಕು ಅಂದ್ರು." ಕೊರಿನ್‌ಳ ಪೆನ್ಸಿಲು ನಿಂತಿತು. ನನ್ನ ಪೆನ್ನು ಮಾತ್ರ ತಾನೇ ಓಡುತ್ತಿದೆ, ಕೇಳಿದ್ದನ್ನೆಲ್ಲ ಬರೆಯುತ್ತಿದೆ.

"'ಮೂವತ್ತೊಂದು ವರ್ಷದಲ್ಲಿ ಶೀಟು ಕದ್ದವರನ್ನು ನೋಡಿದ್ದೇನೆ, ಹರಿದವರನ್ನು ನೋಡಿದ್ದೇನೆ, ಬಣ್ಣ ಹಾಕಿದವರನ್ನೂ ನೋಡಿದ್ದೇನೆ. ನಮ್ಮ ಕೈಗೆ ಕೆಲಸ ಕಡಿಮೆಯಾಗಲೆಂದು ಒಗೆದು ಕೊಟ್ಟವರನ್ನು ನೋಡಿದ್ದು ಇದೇ ಮೊದಲು. ಮಡಚುವ ಆ ರೀತಿಯನ್ನು ಈಗ ನನ್ನ ಕೆಲಸದವರೆಲ್ಲ ಕಲಿತಿದ್ದಾರೆ. ಸ್ಟಟ್ಜ್‌ಮನ್ ಕ್ರಮ ಎಂದೇ ಕರೆಯುತ್ತೇವೆ. ಮುಂದಿನ ವರ್ಷವೂ ನಾಲ್ಕನೇ ಮಹಡಿ ಈ ಮಕ್ಕಳಿಗೇ.'"

ಕೆಮ್ಮಿದರು. "ಹಾಗಾಗಿ... ಲ್ಯಾಟಿನ್ ಕ್ಲಬ್ ಮುಂದುವರಿಯುತ್ತೆ. ಲ್ಯಾಟಿನ್ನೂ ಅಷ್ಟೆ. ಕಂಪ್ಯೂಟರ್‌ಗೆ ಬೇರೆ ರೂಮ್ ನೋಡ್ತಿದೀವಿ."

ಗೆದ್ದೆವು! ಗೆದ್ದೆವು!

ಯಾರೂ ಕಿರುಚಲಿಲ್ಲ. ಹನ್ನೊಂದು ಜನ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಕೆನ್ನೆ ಉಬ್ಬಿಸಿ, ಉಸಿರು ಹಿಡಿದು. ಆ ಸ್ಪರ್ಧೆಯ ದಿನದ ಹಾಗೇ. ನಾಲ್ಕನೇ ನಿಯಮ. ಈ ಸಲ ಕೂಗಿ ಎಂದು ತಲೆಯಾಡಿಸಿದೆ.

ಅಬ್ಬಬ್ಬಾ! ಕಿಟಕಿ ಗಾಜು ಅದುರುತ್ತಿದೆ. ಪಕ್ಕದ ಕ್ಲಾಸಿನಿಂದ ಗೋಡೆ ಗುದ್ದುತ್ತಿದ್ದಾರೆ. ಕೊರಿನ್ ಬೆಂಚಿನ ಮೇಲೆ ಹತ್ತಿ ಘೋಷಣೆ ಶುರು ಮಾಡಿದಳು. "ಮೇಡಂ, ನೀವೂ! ನೀವೂ!" ಅನ್ನುತ್ತಾಳೆ. ಐವತ್ತೆಂಟು ವರ್ಷದವಳು ನಾನು, ಮೊಣಕಾಲು ಬೇರೆ... ಹಾಳಾಗಲಿ. ಪೆನ್ನು ಇಟ್ಟು ನಾನೂ ಒಮ್ಮೆ ಕಿರು—