ಬಿಸಿ ಬಾನೆಟ್

ನವೆಂಬರ್ 16, ಭಾನುವಾರ. ಘಾಟ್ಕೋಪರ್.

ಆ ಟ್ರ್ಯಾಕ್ಟರಿನ ಬಾನೆಟ್ ಬಿಸಿಯಾಗಿತ್ತು. ಇನ್ನೂ ಅದೇ ತಲೆಯಲ್ಲಿ ಸುತ್ತುತ್ತಿದೆ.

ಬದ್ಲಾಪುರದ ನಮ್ಮ ಜಾಗದಲ್ಲಿ ಹುಲ್ಲು ಕತ್ತರಿಸಲು, ನೀರಿನ ಟ್ಯಾಂಕ್ ಎಳೆಯಲು, ಮಣ್ಣು ಸಾಗಿಸಲು ಒಂದು ಹಳೆಯ ಟ್ರ್ಯಾಕ್ಟರ್ ಬೇಕಿತ್ತು. ಮದುವೆಯಾದಾಗಿನಿಂದ ನಾನು, ಪ್ರೀತಮ್ ಒಂದೇ ಇಯರ್‌ಫೋನ್ ಹಂಚಿಕೊಂಡು ಅದರದ್ದೇ ವಿಡಿಯೋ ನೋಡಿದ್ದೇವೆ. ಎಷ್ಟು ಚೆಂದದ ಸಂಜೆಗಳು! "ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡ್ಬೇಕು. ಮೊದಲೇ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅರ್ಥ" ಎಂದು ನನಗೆ ಕಲಿಸಿದ್ದೇ ಅವನು. ಇಬ್ಬರೂ ಸೇರಿ ಆರಿಸುತ್ತೇವೆ ಎಂದು ಇವತ್ತು ಮಾರುವವರ ಮನೆಗೆ ಕುಣಿದುಕೊಂಡು ಹೊರಟಿದ್ದೆ.

ಮಾವ ನಮ್ಮ ಹೋಟೆಲಿನ ಪೂಜೆಯ ಭಟ್ಟರನ್ನೂ ಹಾರವನ್ನೂ ಜೊತೆಗೇ ತಂದಿದ್ದರು. ಗಾಡಿ ನೋಡುವ ಮೊದಲೇ ಪೂಜೆ! ಅದು ಮುಗಿದ ಮೇಲೆ ಬಾನೆಟ್ ಮುಟ್ಟಿ ನೋಡಿ ನಾನು ಬಾಯಿಬಿಟ್ಟೆ. "ಮಾವ, ಇದನ್ನು ಈಗಷ್ಟೇ ಓಡಿಸಿದ್ದಾರೆ. ತಣ್ಣಗಾಗಲಿ, ಆಮೇಲೆ ನೋಡುವ."

"ಕಾಯಿ ಒಡೆದು ಆಯ್ತಲ್ಲ ಮಾರಾಯ್ತಿ, ಇನ್ನು ಎಂಥ ನೋಡುದು? ನಮ್ಮ ಸೊಸೆ ಯೂಟ್ಯೂಬ್ ಮೆಕ್ಯಾನಿಕ್!"

ಎಲ್ಲರೂ ನಕ್ಕರು. ಪ್ರೀತಮ್ ಕೂಡ.

ದುಡ್ಡು ಕೊಟ್ಟು ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ಪಿಸುಗುಟ್ಟಿದ: "ನೀನು ಹೇಳಿದ್ದೇ ಕರೆಕ್ಟ್, ಬೇಬಿ. ಆದ್ರೆ ಅಪ್ಪನ ಎದುರು ಹೇಗೆ ಹೇಳುದು?" ಅಷ್ಟಕ್ಕೇ ನಾನು ಖುಷಿಪಡಬೇಕು.

ಈಗ ನನ್ನ ಮಡಿಲಿಗೆ ಕೈ ಚಾಚಿ ಮಲಗಿದ್ದಾನೆ. ಬಾನೆಟ್ಟನ್ನು ನನಗಿಂತ ಮೊದಲು ಮುಟ್ಟಿದ್ದು ಇದೇ ಕೈ. ಚುರುಕ್ಕೆಂದು ಹಿಂದಕ್ಕೆಳೆದುಕೊಂಡು, ಅದೇ ಕೈಯಿಂದ ಭಟ್ಟರಿಗೆ ತೆಂಗಿನಕಾಯಿ ಕೊಟ್ಟ. ನಾನು ಕಂಡಿಲ್ಲ ಎಂದುಕೊಂಡಿದ್ದಾನೆ. ಎಷ್ಟು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾನೆ, ನನಗೆ ಮಾತ್ರ ನಿದ್ದೆಯಿಲ್ಲ.